ನಲವತ್ತೊಂದನೇ ಗಂಟು

ಬೆಳಗಿನ ಐದೂವರೆ. ಸಫೋಕ್ ಕರಾವಳಿಯ ಥಾರ್ಬಿ ಹಳ್ಳಿಯಲ್ಲಿ ಡೀಲಿಯಾ ಥರ್ಟಲ್ ಚರ್ಚಿನ ಮೂಡಣ ಗೋಡೆಗೆ ಹಗ್ಗದ ತುದಿ ಕಟ್ಟಿ ಕಡಲಿನತ್ತ ಹೆಜ್ಜೆ ಹಾಕುತ್ತಿದ್ದಾರೆ. ಗಜಕ್ಕೊಂದು ಗಂಟು. ಎಣಿಸುತ್ತಾ, ಕಡಲು ವರ್ಷವರ್ಷವೂ ಕೊರೆದು ನುಂಗುತ್ತಿರುವ ಮರಳುದಿಬ್ಬದ ಅಂಚಿಗೆ ಬಂದವರೇ ಬೋರಲು ಮಲಗಿ, ಕೈ ಚಾಚಿ ಕೊನೆಯ ಗಂಟು ಮುಟ್ಟುತ್ತಾರೆ. ವಯಸ್ಸು ಎಪ್ಪತ್ತೊಂದು.

"ನಲವತ್ತೊಂದು," ಎನ್ನುತ್ತಾ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ಹಿಂದಿರುಗಿ ಚರ್ಚಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನಲವತ್ತಕ್ಕಿಂತ ಕಡಿಮೆಯಾದ ದಿನ ಚರ್ಚಿಗೆ ಕಾಯಂ ಬೀಗ. ಇದು ಬಿಷಪ್ಪರ ಕಚೇರಿಯ ಕಟ್ಟಪ್ಪಣೆ. ಅಕ್ಟೋಬರಿನ ಸುಗ್ಗಿ ಪ್ರಾರ್ಥನೆಗೆ ಇನ್ನೂ ಐದು ವಾರವಿದೆ. ಆ ದಿನ ತೀರಿಹೋದ ಗಂಡ ಲೆನ್ ಹೆಸರಲ್ಲಿ ಪೀಠದ ಮುಂದೆ ಒಂದು ಬುಟ್ಟಿ ಹೆರಿಂಗ್ ಮೀನು ಇಡುವುದನ್ನು ಡೀಲಿಯಾ ಒಂದು ವರ್ಷವೂ ತಪ್ಪಿಸಿಲ್ಲ.

ಇಲ್ಲಿನ ಹಿರಿಯರು ಘಾಟಿಗಳು. ದೊಡ್ಡ ಚರ್ಚನ್ನು ಸಾಕಲಾಗದೆ ಮುನ್ನೂರೈವತ್ತು ವರ್ಷದ ಹಿಂದೆ ಚಾವಣಿ ಬಿಚ್ಚಿ, ಪಾಳುಗೋಡೆಗಳ ಹೊಟ್ಟೆಯೊಳಗೇ ಹುಲ್ಲು ಹೊದಿಸಿದ ಚಿಕ್ಕದೊಂದನ್ನು ಕಟ್ಟಿಕೊಂಡರು. ಅದರ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ಡೀಲಿಯಾರ ಜೇಬಿನಲ್ಲಿದೆ. ಸಂಬಳವಿಲ್ಲ. ದಿನಾ ಎರಡು ಮೊರ ಬಾವಲಿ ಹಿಕ್ಕೆ ಗುಡಿಸಬೇಕು; ಬಾವಲಿಗಳನ್ನು ಓಡಿಸಿದರೆ ಕಾನೂನು ಹಿಡಿಯುತ್ತದೆ.

"ಭಾನುವಾರ ಬರೋ ಜನ ಒಂಬತ್ತು, ಬಾವಲಿ ಮುನ್ನೂರು. ಹಾಜರಿಯಲ್ಲಿ ಅವೇ ಮುಂದು," ಎಂದು ನಗುತ್ತಾರೆ.

ಹಗ್ಗದ ಕಥೆಯೇ ಬೇರೆ. ಮೀನುಗಾರ ಲೆನ್ ಬಿಟ್ಟುಹೋದ ನಾರಿನ ಹಗ್ಗ ಅದು. ಡೀಲಿಯಾ ಅದನ್ನು ಚಾವಣಿಯಿಲ್ಲದ ಪಾಳುಗೋಡೆಗೇ ನೇತುಹಾಕುತ್ತಿದ್ದರು. ಈ ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹುಯ್ದ ಮೇಲೆ ಅಳೆದರೆ, ನಲವತ್ತೆರಡಿದ್ದದ್ದು ನಲವತ್ನಾಲ್ಕಾಗಿದೆ! ಕಡಲು ಎರಡು ಗಜ ನೆಲ ವಾಪಸ್ ಕೊಟ್ಟಿತೆಂದು ಚರ್ಚಿನ ಮೇಲ್ವಿಚಾರಕ ರೆಜ್ ಕ್ಯಾಚ್‌ಪೋಲ್ ಊರಿಗೆಲ್ಲ ಬಿಯರ್ ಕುಡಿಸಿದರು. ಡೀಲಿಯಾರಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಹೋಗಿ ಹಗ್ಗವನ್ನು ಒಲೆಯ ಪಕ್ಕ ಒಣಗಿಸಿ ಮತ್ತೆ ಅಳೆದರು. ಅದೇ ನಲವತ್ತೆರಡು.

"ನೆನೆದ್ರೆ ಹಗ್ಗ ಕುಗ್ಗತ್ತೆ, ಗಂಟು ಹತ್ತಿರ ಬರತ್ತೆ, ಲೆಕ್ಕ ಜಾಸ್ತಿ ಆಗತ್ತೆ. ಮೀನುಗಾರನ ಹೆಂಡ್ತಿಗೆ ಇಷ್ಟು ತಿಳೀಲಿಲ್ವಲ್ಲ ಅಂತ ನಾಚಿಕೆ ಆಯ್ತು. ಮಂಜು ಬಿದ್ದ ದಿನಗಳೆಲ್ಲ ಸುಳ್ಳು ಲೆಕ್ಕ ಬರೆದಿದ್ದೀನಿ."

ಅವರೇ ಬಿಷಪ್ಪರ ಕಚೇರಿಗೆ ತಪ್ಪೊಪ್ಪಿಗೆ ಪತ್ರ ಹಾಕಿದರು. ರೆಜ್ ಈಗಲೂ ಬುಸುಗುಡುತ್ತಾರೆ.

"ಸುಗ್ಗಿ ಮುಗಿಯೋವರೆಗಾದ್ರೂ ಬಕೆಟ್ಟಲ್ಲಿ ಅದ್ದಿ ಅಳೆಯೇ, ಮಾರಾಯ್ತಿ! ಯಾರು ನೋಡ್ತಾರೆ?"

"ನೆನೆಯೋದಾದ್ರೆ ನೀನು ನೆನಿ. ಹಗ್ಗ ಒಲೆ ಪಕ್ಕಾನೇ ಇರತ್ತೆ."

ಸುಗ್ಗಿಯ ಬುಟ್ಟಿ ತಪ್ಪಿಹೋದರೆ ಎಂದು ಕೇಳಿದಾಗ ಡೀಲಿಯಾ ಪೊರಕೆ ಇಟ್ಟ ಮೂಲೆಗೆ ನಡೆಯುತ್ತಾರೆ.

"ಆ ಒಂದು ದಿನ ಸಿಕ್ಕಿದ್ರೆ ಸಾಕು ನಂಗೆ," ಎನ್ನುತ್ತಾ ಅದನ್ನು ಕೈಗೆತ್ತಿಕೊಳ್ಳುತ್ತಾರೆ. "ಸಿಗದಿದ್ರೆ, ಬೀಗ ಹಾಕೋಳೂ ನಾನೇ ತಾನೆ? ಆವತ್ತೂ ಗುಡಿಸಿಯೇ ಹಾಕ್ತೀನಿ."