ಪ್ರೊಫೆಸರ್ ಚಾರ್ಜರ್ ಇಟ್ಟ ಹೆಸರು

ಕೊಂಡೆಲೆಯಿಂದ ಕಿಬುಯೆ ಸಂತೆಯ ಕಡೆ ಇಳಿಯುವ ದಾರಿಯಲ್ಲಿ ಒಂದೇ ಜಗಲಿಯ ಮೇಲೆ ನನ್ನ ಹೊಲಿಗೆ ಯಂತ್ರವೂ ಡಿಕ್ಸನ್ ಒಬಾಲಾನ ಸೈಬರ್ ಅಂಗಡಿಯೂ ಇವೆ. ಹದಿನಾಲ್ಕು ವರ್ಷದಿಂದ ಇವೆ. ಹುಟ್ಟಿದ ಪತ್ರ, ತೆರಿಗೆಯ ಅರ್ಜಿ, ಪೊಲೀಸರಿಂದ ಪಡೆಯುವ ನಡತೆಯ ಪತ್ರ, ಸತ್ತವರ ಫೋಟೋ ಹಾಕಿದ ಕರಪತ್ರ, ಏನು ಬೇಕಾದರೂ ಜನ ಅವನ ಬಾಗಿಲಿಗೇ ಬರುತ್ತಾರೆ. ಮೆತ್ತಗಿನ ಮನುಷ್ಯ. ಮುದುಕಿಯರಿಗೆ ಕುರ್ಚಿ ಬಿಟ್ಟುಕೊಟ್ಟು ತಾನು ನಿಂತುಕೊಂಡೇ ಟೈಪು ಮಾಡುತ್ತಾನೆ. ಜೋರಾಗಿ ಮಾತಾಡಿದವನಲ್ಲ, ಯಾರ ಜಗಳಕ್ಕೂ ಹೋದವನಲ್ಲ.

ಆದರೆ ಸಂಜೆ ನಾಲ್ಕಾದರೆ ಅವನು ಬೇರೆಯೇ ಆಗುತ್ತಿದ್ದ. ಗಿರಾಕಿ ಕಡಿಮೆಯಾಗುವ ಆ ಹೊತ್ತಿನಲ್ಲಿ ದೇಶವಿದೇಶದ ಯಂತ್ರಗಳ ಸುದ್ದಿ, ಹೊಸ ಫೋನುಗಳ ಸುದ್ದಿ, ಯಾರು ಯಾರನ್ನು ಅಂತರ್ಜಾಲದಲ್ಲಿ ಬೈದರೆಂಬ ಸುದ್ದಿ ಎಲ್ಲ ಹುಡುಕಿ, ಅದರ ಕೆಳಗೆ ಎರಡು ಸಾಲು ಬರೆದು ಹಾಕುತ್ತಿದ್ದ. ಅಲ್ಲಿ ಅವನ ಹೆಸರು ಪ್ರೊಫೆಸರ್ ಚಾರ್ಜರ್. ಆ ಪ್ರೊಫೆಸರನ ಮಾತು ಕೇಳಲು ನಲವತ್ತು ಸಾವಿರ ಜನ ಕಾದಿರುತ್ತಿದ್ದರು. ಅವನು ಯಾರು, ದಪ್ಪಗಿದ್ದಾನೋ ತೆಳ್ಳಗಿದ್ದಾನೋ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ಯಾಕೆಂದರೆ ಬರೆದದ್ದನ್ನು ಮೊದಲು ನನಗೆ ಓದಿ ಹೇಳುತ್ತಿದ್ದ.

"ಅಸೆಂಬೊದ ಮಗಳೇ, ಇದನ್ನ ಕೇಳಿ. ಈ ಹೊಸ ಫೋನಿಗೆ ನಾಲ್ಕು ಕ್ಯಾಮರಾ ಇವೆ. ಅದೇ ದುಡ್ಡಿಗೆ ಬರೋ ಹಸುವಿಗೆ ನಾಲ್ಕು ಮೊಲೆ ಇವೆ. ನಾಳೆ ಬೆಳಗ್ಗೆ ಚಹಾಕ್ಕೆ ಯಾವುದನ್ನ ಕರೀತೀರಿ?"

ನಕ್ಕು ನನ್ನ ಕಾಲು ಪೆಡಲಿನಿಂದ ಜಾರಿದರೆ ಅದನ್ನು ಹಾಕುತ್ತಿದ್ದ. ಜಾರದಿದ್ದರೆ ಅಳಿಸುತ್ತಿದ್ದ. "ಚಾಲಕನಿಲ್ಲದ ಕಾರು ಬಂತಂತೆ. ನಮ್ಮ ಮಟಾಟು ವ್ಯಾನಿಗೆ ಚಾಲಕ ಇದ್ದಾನೆ ಅಂತ ಯಾರು ಹೇಳಿದ್ದು?" ಎಂದಾಗ ಒಂದು ಶಾಲೆಯ ಸಮವಸ್ತ್ರದ ತೋಳನ್ನೇ ಅಡ್ಡ ಹೊಲಿದುಬಿಟ್ಟಿದ್ದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ನನ್ನ ಕಾಲಿನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೋದ ವರ್ಷ ಫೆಬ್ರವರಿಯಲ್ಲಿ ನೈರೋಬಿಯ ಒಂದು ಸುದ್ದಿತಾಣದಲ್ಲಿ ನಮ್ಮ ಸರೋವರದ ಫೋಟೋ ಬಂತು. ದಂಡೆಯಲ್ಲಿ ಒಮೆನಾ ಮೀನು ಒಣಹಾಕಿದ ಬಲೆ, ಬಲೆಯ ನಡುವೆ ಒಂದು ಬಿಳಿ ಪೆಟ್ಟಿಗೆ, ಪಕ್ಕದಲ್ಲಿ ಕೂತು ಆ ಪೆಟ್ಟಿಗೆಗೆ ಕೊಡೆ ಹಿಡಿದ ಒಬ್ಬ ಹುಡುಗಿ. ಹೆಸರು ರಿಸ್ಪಾ ಅಡೋಂಗೊ, ಊರು ಸೆಮೆ. ಮಳೆ ಬರುವುದನ್ನು ಮೊದಲೇ ತಿಳಿದು ಫೋನಿಗೆ ಕರೆ ಮಾಡುವ ಪೆಟ್ಟಿಗೆಯನ್ನು ಈಕೆ ಕಟ್ಟಿದ್ದಾಳೆ ಎಂದು ತಲೆಬರಹ. ಒಣಗುತ್ತಿರುವ ಒಮೆನಾದ ಮೇಲೆ ಒಂದು ಮಳೆ ಬಿದ್ದರೆ ಆ ದಿನದ ಮೀನು ಕೋಳಿಗೆ ಹಾಕುವುದಕ್ಕಷ್ಟೇ ಸರಿ. ಅದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ.

ಒಬಾಲಾ ಫೋಟೋ ನೋಡಿದ. ಬೆರಳು ಆಡಿಸಿದ. ಬರೆದದ್ದನ್ನು ನನಗೆ ಓದಿ ಹೇಳಿದ.

"ಮಳೆ ಹೇಳುವ ಯಂತ್ರಕ್ಕೇ ಕೊಡೆ ಹಿಡಿದವಳು. ಇವಳನ್ನು ಸೆಮೆಯ ಮಗಳು ಎನ್ನಬೇಡಿ, ಕೊಡೆಯೂರ ಮಗಳು ಎನ್ನಿ."

ನನ್ನ ಕಾಲು ಜಾರಿತು.

ನಮ್ಮಲ್ಲಿ ಹೆಣ್ಣನ್ನು ಕರೆಯುವುದು ತವರೂರಿನ ಹೆಸರಿನಿಂದ. ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡನ ಊರಿನಲ್ಲಿ ನಾನು ಅಸೆಂಬೊದ ಮಗಳೇ. ನಾಳೆ ನನ್ನ ಹೆಣದ ಮುಂದೆ ಅಳುವವರೂ ಹಾಗೆಯೇ ಕರೆದು ಅಳುತ್ತಾರೆ. ಆ ಹೆಸರು ಹೋದರೆ ಹೆಣ್ಣು ಎಲ್ಲಿಂದಲೂ ಬಂದವಳಲ್ಲ. ಇದು ಒಬಾಲಾನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆ ಮಾತು ಅಷ್ಟು ಚುರುಕಾಗಿತ್ತು.

ಎರಡೇ ದಿನದಲ್ಲಿ ಅದು ಊರೆಲ್ಲ ಹರಡಿತು. ಬಾಡಿಗೆಗೆ ಓಡುವ ಬೋಡಾ ಬೈಕಿನವರು ಹೇಳಿದರು, ರೇಡಿಯೋದಲ್ಲಿ ಬೆಳಗಿನ ಹರಟೆಯವರು ಹೇಳಿದರು. ನಮ್ಮ ಚರ್ಚಿನ ಹೆಂಗಸರ ಗುಂಪಿಗೆ ಕಳಿಸಿದವಳು ನಾನು. ಆ ಗುಂಪಿನಲ್ಲಿ ಸೆಮೆಯವರೂ ಇದ್ದಾರೆಂದು ಆಗ ನೆನಪಾಗಲಿಲ್ಲ.

ಮಾರ್ಚ್ ತಿಂಗಳ ಮೊದಲ ವಾರ ಒಬಾಲಾನ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಮಳೆ ಪೆಟ್ಟಿಗೆಯ ಒಂದು ಕರಪತ್ರ. ಸಾಲಿನಲ್ಲಿ ನಿಂತಿದ್ದ ಬೋಡಾದವನೊಬ್ಬ ಅವಳ ಮುಖವನ್ನೇ ನೋಡಿದ.

"ಏ, ಇವಳು ಕೊಡೆಯೂರ ಮಗಳಲ್ವಾ? ತಂಗೀ, ಕೊಡೆ ಎಲ್ಲಿ ಬಿಟ್ಟು ಬಂದೆ? ಯಂತ್ರ ನೆನೆದೀತು."

ಸಾಲು ನಕ್ಕಿತು. ಅವಳೂ ನಕ್ಕಳು. ಅದು ನಗು ಬಂದವರ ನಗುವಲ್ಲ, ನಗುವುದನ್ನು ಅಭ್ಯಾಸ ಮಾಡಿಕೊಂಡವರ ನಗು. ಒಬಾಲಾ ಮಾತ್ರ ನಗಲಿಲ್ಲ. ಮುಂದಿನವರನ್ನು ಕರೆಯಲು ಎತ್ತಿದ ಅವನ ಕೈ ಗಾಳಿಯಲ್ಲೇ ನಿಂತಿತ್ತು.

"ಅಣ್ಣಾ, ಈ ಹಾಳೆಯಿಂದ ನನ್ನ ಫೋಟೋ ತೆಗೆದುಬಿಡಿ" ಎಂದಳು.

"ತೆಗೀತೀನಿ."

"ಹೆಸರೂ ತೆಗೀರಿ."

"ಹೆಸರಿಲ್ದಿದ್ರೆ ಯಾರು ಮಾಡಿದ್ದು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಬಾರದು ಅಂತಾನೇ. ಸೆಮೆ ಅಂತ ಇದೆಯಲ್ಲ, ಅದೂ ಬೇಡ. ನಮ್ಮಮ್ಮ ಸಂತೆಗೆ ಹೋದ್ರೆ, ನಿಮ್ಮ ಮನೆ ಯಾವಾಗ ಕೊಡೆಯೂರಿಗೆ ಹೋಯ್ತು ಅಂತ ಕೇಳ್ತಾರಂತೆ. ಅಮ್ಮ ಈಗ ಸಂತೆಗೆ ಹೋಗೋದು ಬಿಟ್ಟಿದಾರೆ."

ಅವನು ಕೇಳಲಿಲ್ಲ, ಅವಳೇ ಹೇಳಿದಳು. ದಂಡೆಯ ಹೆಂಗಸರು ಈ ಮಳೆಗಾಲದಲ್ಲಿ ನೋಡೋಣ ಎಂದು ಹನ್ನೆರಡು ಪೆಟ್ಟಿಗೆ ಇಟ್ಟುಕೊಂಡಿದ್ದರಂತೆ. ಈಗ ಹನ್ನೆರಡನ್ನೂ ಹಿಂದಕ್ಕೆ ಕೊಟ್ಟಿದ್ದಾರೆ. ದೊಡ್ಡ ಮಳೆಗೆ ಇನ್ನು ಎರಡು ವಾರ. ಅಷ್ಟರಲ್ಲಿ ಬೇರೆ ಯಾವ ದಂಡೆಯವರೂ ಒಪ್ಪದಿದ್ದರೆ ಪೆಟ್ಟಿಗೆಗಳನ್ನು ಬಿಚ್ಚಿ ಬಿಡಿಭಾಗ ಮಾರಿ, ನಕುರುವಿನಲ್ಲಿರುವ ಚಿಕ್ಕಮ್ಮನ ಅಂಗಡಿಗೆ ಕೆಲಸಕ್ಕೆ ಹೋಗುವುದು.

ಒಬಾಲಾ ಹಾಳೆಯನ್ನು ಕಂಪ್ಯೂಟರಿಗೆ ಏರಿಸಿ, ಫೋಟೋ ತೆಗೆದು, ಅವಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಆಮೇಲೆ ಊರನ್ನು ಅಳಿಸಿದ. ಅವಳು ಹೊಸ ಹಾಳೆ ತೆಗೆದುಕೊಂಡು, "ನಿಮ್ಮಿಂದ ಉಪಕಾರ ಆಯ್ತು ಅಣ್ಣಾ" ಎಂದು ಹೋದಳು.

ಮಧ್ಯಾಹ್ನ ಇಬ್ಬರಿಗೂ ಊಟಕ್ಕೆ ಉಗಾಲಿ, ನಮ್ಮ ಜೋಳದ ಮುದ್ದೆ, ಬಂತು. ಅವನು ಮುಟ್ಟಲಿಲ್ಲ.

"ಅಸೆಂಬೊದ ಮಗಳೇ, ನಾನು ಸುದ್ದಿ ಓದಿರಲಿಲ್ಲ."

"ಯಾವ ಸುದ್ದಿ?"

"ಅದೇ. ಫೋಟೋ ನೋಡಿದೆ, ತಲೆಬರಹ ನೋಡಿದೆ, ಅಷ್ಟೇ. ಈಗ ಓದಿದೆ."

ಮೂರನೆಯ ಪ್ಯಾರಾವನ್ನು ನನಗೆ ಓದಿ ಹೇಳಿದ. ಆ ಪೆಟ್ಟಿಗೆ ಮಳೆಹನಿಯನ್ನು ಕಾಯುವುದಲ್ಲ. ಗಾಳಿಯಲ್ಲಿ ತೇವ ಏರುವುದನ್ನು ಅಳೆಯುತ್ತದೆ, ಮಳೆಗೆ ಅರ್ಧ ಗಂಟೆ ಮೊದಲೇ ಕರೆ ಮಾಡುತ್ತದೆ. ಬಿಸಿಲು ನೇರವಾಗಿ ಬಿದ್ದು ಪೆಟ್ಟಿಗೆ ಕಾದರೆ ಅಳತೆ ತಪ್ಪುತ್ತದೆ. ಸದ್ಯಕ್ಕೆ ಕೊಡೆ, ಮುಂದೆ ತಗಡಿನ ಮಾಡು ಮಾಡಿಸುತ್ತೇನೆ ಎಂದು ಅವಳೇ ಹೇಳಿದ್ದಳು.

"ಹಾಗಾದ್ರೆ ಕೊಡೆ ಬಿಸಿಲಿಗೆ?"

"ಬಿಸಿಲಿಗೆ" ಎಂದ.

ಆ ಸಂಜೆಯೇ ಅವನು ತನ್ನ ಮಾತನ್ನು ಅಳಿಸಿದ. ಗಾಳಿಗೆ ತೂರಿದ ಬೂದಿಯನ್ನು ಕೈ ತೊಳೆದು ಹಿಡಿಯಲು ಹೋದಂತಾಯಿತು. ಅದು ಆಗಲೇ ನೂರು ಬೇರೆ ಹೆಸರಿನವರ ಬಳಿ ಇತ್ತು. ಮರುದಿನ ಉದ್ದಕ್ಕೆ ಬರೆದು ಹಾಕಿದ: "ನಾನು ಓದದೆ ನಕ್ಕೆ, ತಪ್ಪು ನನ್ನದು, ಕೊಡೆ ಬಿಸಿಲಿಗೆ." ಹನ್ನೊಂದು ಜನ ಮೆಚ್ಚಿದರು. ಕೆಳಗೆ ಬಂದ ಉತ್ತರಗಳನ್ನು ನನಗೆ ತೋರಿಸಿದ. "ಪ್ರೊಫೆಸರ್, ಎಷ್ಟು ಕೊಟ್ಟರು?" ಎಂದು ಒಬ್ಬ. "ಇವರ ಖಾತೆ ಯಾರೋ ಕದ್ದಿದ್ದಾರೆ, ನಮ್ಮ ಪ್ರೊಫೆಸರ್ ಹೀಗೆ ಅಳುವವರಲ್ಲ" ಎಂದು ಇನ್ನೊಬ್ಬ. ಮೂರನೆಯವನು ಬರೀ ಒಂದು ಕೊಡೆಯ ಚಿತ್ರ ಹಾಕಿದ್ದ. ಆ ಚಿತ್ರಕ್ಕೆ ಆರುನೂರು ಮೆಚ್ಚುಗೆ.

"ಮುಖ ಇಲ್ದೋನು ಬೈದ್ರೆ ಎಲ್ರೂ ನಂಬ್ತಾರೆ" ಎಂದ ಒಬಾಲಾ. "ಮುಖ ಇಲ್ದೋನು ತಪ್ಪಾಯ್ತು ಅಂದ್ರೆ ಯಾರೂ ನಂಬಲ್ಲ."

"ಹಾಗಾದ್ರೆ ಮುಖ ತಗೊಂಡು ದಂಡೆಗೆ ಹೋಗು" ಎಂದೆ. ನಾನೂ ಜೊತೆಗೆ ಹೋದೆ. ಒಬ್ಬನನ್ನೇ ಕಳಿಸಲು ನನಗೆ ಯಾವ ಮುಖವಿತ್ತು?

ಶನಿವಾರ ಬೆಳಗ್ಗೆ ದಂಡೆಯಲ್ಲಿ ಹೆಂಗಸರು ಬಲೆ ಹಾಸಿ ಒಮೆನಾ ಹರಡುತ್ತಿದ್ದರು. ಅವರ ಗುಂಪಿನ ಹಿರಿಯಳು ಅಮ್ಮ ಪೆರೆಸ್, ಮೊಣಕಾಲಿನವರೆಗೆ ಗಂಬೂಟು ಹಾಕಿದ ಗಟ್ಟಿ ಹೆಂಗಸು.

"ಮೀನು ಇನ್ನೂ ಹಸಿ ಇದೆ ಮಗಾ, ಮಧ್ಯಾಹ್ನದ ಮೇಲೆ ಬಾ."

"ಮೀನಿಗಲ್ಲ ಅಮ್ಮ. ನಾನು ಪ್ರೊಫೆಸರ್ ಚಾರ್ಜರ್."

"ನನ್ನ ತಂಗಿ ಮಗನೂ ಕುಡಿದಾಗ ಹಾಗೇ ಅಂತಾನೆ."

ಒಬಾಲಾ ಫೋನು ತೆಗೆದು ತೋರಿಸಿದ. ಒಬ್ಬಳು ನೋಡಿದಳು, ಇನ್ನೊಬ್ಬಳು ನೋಡಿದಳು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಕೈ ಒರೆಸಿಕೊಂಡು ಸುತ್ತ ಸೇರಿದರು.

"ಅಯ್ಯೋ, ಹಸುವಿನ ಮೊಲೆ ಅಂದಿದ್ದು ನೀವೇನಾ? ಎಷ್ಟು ನಕ್ಕಿದ್ವಿ. ಒಂದು ಫೋಟೋ ತೆಗೆಸಿಕೊಳ್ಳಲಾ?"

ಹೊಡೆದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಬೇಡ" ಎಂದ. "ರಿಸ್ಪಾ ವಿಚಾರಕ್ಕೆ ಬಂದೆ. ನಾನು ಬರೆದಿದ್ದು ಸುಳ್ಳು." ಮೂರನೆಯ ಪ್ಯಾರಾ ಪೂರ್ತಿ ಓದಿ ಹೇಳಿದ.

ಅಮ್ಮ ಪೆರೆಸ್ ಕೇಳಿದಳು. "ಅದನ್ನ ನಮಗೆ ಓದ್ತೀಯಲ್ಲ. ಪೆಟ್ಟಿಗೆ ಏನು ಮಾಡುತ್ತೆ ಅಂತ ನಮಗೆ ಆ ಹುಡುಗಿ ಮೊದಲೇ ಹೇಳಿದ್ಲು. ಪೆಟ್ಟಿಗೆ ಕೆಲಸ ಮಾಡಲ್ಲ ಅಂತ ನಾವು ವಾಪಸ್ ಕೊಟ್ಟಿದ್ದಲ್ಲ. ಬಲೆ ನಡುವೆ ಕೊಡೆ ಕಂಡ್ರೆ ಸಾಕು, ದೋಣಿಯವರು ಕೂಗ್ತಾರೆ. ಮೀನು ಕೊಳ್ಳೋಕೆ ಬಂದೋರು ನಕ್ಕು ಮುಂದೆ ಹೋಗ್ತಾರೆ. ಆ ನಗು ಹೊತ್ಕೊಂಡು ನಾವು ಯಾಕೆ ಕೂರಬೇಕು?"

"ನೀವು ಕೂರಬೇಡಿ. ನಾನು ಕೂರ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಒಂದು ಬಲೆ" ಎಂದಳು ಅಮ್ಮ ಪೆರೆಸ್. "ನನ್ನದು. ಒಂದು ವಾರ. ಕೊಡೆ ನೀನೇ ಹಿಡೀಬೇಕು."

ಹೇಳಿಕಳಿಸಿದ ಮೇಲೆ ರಿಸ್ಪಾ ಒಂದು ಪೆಟ್ಟಿಗೆ ಹಿಡಿದು ಬಂದಳು. ಒಬಾಲಾ ಎಲ್ಲರ ಮುಂದೆ ತಾನು ಯಾರೆಂದು ಹೇಳಿದ. ಅವಳು ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

"ಆ ದಿನ ನನ್ನ ಹೆಸರು ಅಳಿಸ್ತಿದ್ರಲ್ಲ, ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ಅಳಿಸಿದ್ರಿ."

"ಹೂಂ."

"ನಾನು ಉಪಕಾರ ಆಯ್ತು ಅಂದೆ."

ಅವಳು ಬೆನ್ನು ತಿರುಗಿಸಿ ಪೆಟ್ಟಿಗೆಯನ್ನು ಗೂಟಕ್ಕೆ ಬಿಗಿಯತೊಡಗಿದಳು.

ಹಾಗೆ ಡಿಕ್ಸನ್ ಒಬಾಲಾ ಅಂಗಡಿ ಮುಚ್ಚಿ, ಬೆಳಗಿನಿಂದ ಮೂರು ಗಂಟೆಯವರೆಗೆ ಮೀನಿನ ವಾಸನೆಯ ನಡುವೆ ಕೊಡೆ ಹಿಡಿದು ಕೂತ. ಕೊಡೆ ಪೆಟ್ಟಿಗೆಗೆ, ಬಿಸಿಲು ಅವನಿಗೆ. ದೋಣಿಯವರು ನೀರಿನಿಂದಲೇ ಕೂಗುತ್ತಿದ್ದರು: "ಕೊಡೆಯೂರಿನ ಅಳಿಯ ಬಂದಿದಾನೆ ಕಣ್ರೋ." ಯಾರೋ ಫೋಟೋ ತೆಗೆದು ಹಾಕಿದರು. ಇವನೇ ಪ್ರೊಫೆಸರ್ ಎಂದು ಊರಿಗೆಲ್ಲ ತಿಳಿಯಿತು. ನಲವತ್ತು ಸಾವಿರ ಜನರಲ್ಲಿ ಎಷ್ಟು ಮಂದಿ ಬಿಟ್ಟುಹೋದರೆಂದು ಅವನು ನೋಡಲಿಲ್ಲ.

ಎರಡನೆಯ ದಿನ ಪೆಟ್ಟಿಗೆ ಕರೆ ಮಾಡಿತು. ಅಮ್ಮ ಪೆರೆಸಳ ಬಲೆಯನ್ನು ಮಾತ್ರ ಅವಳು, ರಿಸ್ಪಾ, ಒಬಾಲಾ ಮೂವರೂ ಓಡಿ ಸುತ್ತಿದರು. ಮೋಡ ಆಚೆ ದಡಕ್ಕೆ ಹೋಯಿತು, ಹನಿಯೂ ಬೀಳಲಿಲ್ಲ. ದಂಡೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಿಸ್ಪಾ ನೋಟುಪುಸ್ತಕ ತೆಗೆದು, ಗಾಳಿಯ ದಿಕ್ಕು ಬರೆದು, ಪಕ್ಕದಲ್ಲಿ 'ತಪ್ಪು' ಎಂದು ಬರೆದಳು. ಒಬಾಲಾ ಅದನ್ನೇ ನೋಡುತ್ತಿದ್ದ.

ಐದನೆಯ ದಿನ ಆಕಾಶ ತೊಳೆದ ತಟ್ಟೆಯಂತಿತ್ತು. ಪೆಟ್ಟಿಗೆ ಕರೆಯಿತು. ಸುತ್ತಿದರು. ಅರ್ಧ ಗಂಟೆ ನಗು. ಆಮೇಲೆ ಬೆಟ್ಟದ ಹಿಂದಿನಿಂದ ಬಂದ ಮಳೆ ದಂಡೆಯ ಉಳಿದ ಬಲೆಗಳನ್ನೆಲ್ಲ ಕೆಸರು ಮಾಡಿತು. ಮಾರನೆಯ ಬೆಳಗ್ಗೆ ನಾಲ್ವರು ಹೆಂಗಸರು ರಿಸ್ಪಾಳ ಮನೆಯ ಮುಂದೆ ನಿಂತಿದ್ದರು. ತಿಂಗಳು ಮುಗಿಯುವಷ್ಟರಲ್ಲಿ ಹನ್ನೆರಡು ಪೆಟ್ಟಿಗೆಗಳೂ ತಗಡಿನ ಮಾಡಿನ ಕೆಳಗೆ ದಂಡೆಯ ಮೇಲಿದ್ದವು. ನಕುರುವಿನ ಮಾತು ನಿಂತಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಆದರೆ ಹೆಸರು ಹೋಗಲಿಲ್ಲ. "ಕೊಡೆಯೂರ ಮಗಳೇ, ನನ್ನ ಪೆಟ್ಟಿಗೆಯ ಬ್ಯಾಟರಿ ಮುಗಿದಿದೆ, ಬಾರೇ ತಾಯಿ" ಎಂದು ದಂಡೆಯ ಹೆಂಗಸರು ಕೂಗುತ್ತಾರೆ. ಈಗ ಅದರಲ್ಲಿ ಕುಹಕವಿಲ್ಲ, ಪ್ರೀತಿಯೇ ಇದೆ. ಒಬಾಲಾ ಪ್ರತಿ ಸಲ ತಿದ್ದುತ್ತಾನೆ: "ಸೆಮೆಯ ಮಗಳು ಅನ್ನಿ ಅಮ್ಮ." ಅವರು, "ಹೌದಪ್ಪಾ, ಅವಳೇ, ಕೊಡೆಯೂರವಳು" ಎನ್ನುತ್ತಾರೆ. ಸೆಮೆಯಲ್ಲಿ ಅವಳ ತಾಯಿ ಇನ್ನೂ ಸಂತೆಗೆ ಹೋಗುತ್ತಿಲ್ಲ.

ಭಾನುವಾರಗಳಂದು ಅವನು ಪೆಟ್ಟಿಗೆ ಒರೆಸಲು ದಂಡೆಗೆ ಹೋಗುತ್ತಾನೆ. ಮೇ ತಿಂಗಳಲ್ಲಿ ಒಂದು ದಿನ ನಾನೂ ಅಲ್ಲಿದ್ದೆ. ಒಂದು ಮಾಡಿನ ಮೊಳೆ ಸಡಿಲವಾಗಿತ್ತು, ರಿಸ್ಪಾ ಏಣಿಯ ಮೇಲಿದ್ದಳು. ಅವನು ಕೆಳಗಿನಿಂದ ಕೇಳಿದ.

"ತಂಗೀ, ಆ ವಿಷಯ ಈಗ ಮರೆತಿದೀಯಾ?"

ಅವಳು ಮೊಳೆ ಬಾಯಲ್ಲಿ ಕಚ್ಚಿಕೊಂಡು ಮಾಡಿನ ತಗಡನ್ನು ಸರಿಸಿ ಕೂರಿಸಿದಳು. ಆಮೇಲೆ ಅದನ್ನು ಕೈಗೆ ತೆಗೆದುಕೊಂಡು ಹೇಳಿದಳು.

"ಮರೆತೆ ಅಂದ್ರೆ ನಿಮಗೆ ಹಗುರ ಆಗುತ್ತೆ ಅಣ್ಣಾ. ನನಗೆ ಏನೂ ಆಗಲ್ಲ. ಅದಕ್ಕೇ ಹೇಳಲ್ಲ."

"ಸರಿ" ಎಂದ.

"ಏಣಿ ಅಲ್ಲಾಡ್ತಿದೆ. ಗಟ್ಟಿಯಾಗಿ ಹಿಡ್ಕೊಳ್ಳಿ."

ಅವನು ಎರಡೂ ಕೈಯಿಂದ ಹಿಡಿದುಕೊಂಡ.