ಹದಿನಾಲ್ಕನೇ ಅಧ್ಯಾಯಕ್ಕೆ ಬಿದ್ದ ಗೀಟು

ನನ್ನ ಕಾದಂಬರಿಯ ಒಂದು ಸಾಲನ್ನೂ ನಾನು ಬರೆಯುವ ಮುಂಚೆಯೇ ಅದನ್ನು ತಿದ್ದಿದವರು ಗುಬ್ಬಿಯ ದೊಡ್ಡಪ್ಪ. ಫೆಬ್ರವರಿಯ ಎರಡನೇ ಭಾನುವಾರ, ಊಟವಾದ ಮೇಲೆ, ತುಮಕೂರಿನ ನಮ್ಮ ಮನೆಯಲ್ಲಿ. ದಿನಚರಿಯಲ್ಲಿ ಆ ದಿನದ ಪುಟಕ್ಕೆ ಒಂದೇ ಪದ ಬರೆದಿದ್ದೇನೆ: ಹೇಸಿಗೆ.

ನಾಲ್ಕು ತಿಂಗಳಿಂದ ಬರೆಯುವುದು ಬಿಟ್ಟು ಬರೀ ಯೋಜನೆ ಹಾಕುತ್ತಿದ್ದೆ. ಇಪ್ಪತ್ತನಾಲ್ಕು ಅಧ್ಯಾಯ, ಅಧ್ಯಾಯಕ್ಕೊಂದು ಕಾರ್ಡು, ಕಾರ್ಡಿಗೆ ಐದು ಸಾಲು. ಎಲ್ಲವನ್ನೂ ನನ್ನ ಕೋಣೆಯ ಗೋಡೆಗೆ ಕ್ರಮವಾಗಿ ಅಂಟಿಸಿದ್ದೆ. ಕಥೆ ಇಷ್ಟೇ: ಅಣ್ಣ ತಮ್ಮ ತೆಂಗಿನ ತೋಟ ಪಾಲು ಮಾಡಿಕೊಳ್ಳುತ್ತಾರೆ. ಹದಿನಾಲ್ಕನೇ ಅಧ್ಯಾಯದಲ್ಲಿ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಮುಂದಿನ ಹತ್ತು ಅಧ್ಯಾಯ ನಿಂತಿದ್ದು ಆ ಸಹಿಯ ಮೇಲೆ. ಅಣ್ಣ ದೊಡ್ಡಪ್ಪ, ತಮ್ಮ ನಮ್ಮಪ್ಪ, ತಂಗಿ ಕುಣಿಗಲ್ಲಿನ ಅತ್ತೆ ಎಂದು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ದೊಡ್ಡಪ್ಪ, ಅತ್ತೆ ಇಬ್ಬರೂ ಬಂದಿದ್ದು ಅಕ್ಕನ ಮದುವೆ ಪತ್ರಿಕೆಯ ಕರಡು ತಿದ್ದಲು. ಮದುವೆ ಯಡಿಯೂರಿನಲ್ಲಿ. ಯಾರ ಹೆಸರಿನ ಕೆಳಗೆ ಯಾರ ಹೆಸರು ಎಂದು ಎರಡು ಗಂಟೆ ಜಗಳ. ಸಾರು ಒಣಗಿದ ಬೆರಳಿನಲ್ಲೇ ಹಿಡಿದು ಹಿಡಿದು ಕರಡು ಹಳದಿಯಾಗಿತ್ತು. ಆಮೇಲೆ ದೊಡ್ಡಪ್ಪ ಚಾರ್ಜರ್ ಹುಡುಕಿಕೊಂಡು ನನ್ನ ಕೋಣೆಗೆ ಬಂದರು. ಕೈಯಲ್ಲಿ ಕೆಂಪು ಪೆನ್ನು ಇನ್ನೂ ಇತ್ತು.

“ಇದ್ಯಾವ್ದೇ, ಇನ್ನೊಂದು ಕರಡು?”

“ಕಾದಂಬರಿ, ದೊಡ್ಡಪ್ಪ. ಇನ್ನೂ ಬರ್ದಿಲ್ಲ.”

“ಒಳ್ಳೇದಾಯ್ತು ಬುಡು. ಅಚ್ಚಾಗೋಕ್ ಮುಂಚೆ ನೋಡ್ದಂಗಾಯ್ತು.”

ಮೊದಲ ಕಾರ್ಡಿನಲ್ಲೇ ತಪ್ಪು ಸಿಕ್ಕಿತು. “ತಮ್ಮ ಒಂದನೇದ್ರಲ್ಲೇ ಬತ್ತಾನೆ, ಅಣ್ಣ ಮೂರನೇದ್ರಲ್ಲಾ? ಹಿರೀಕ್ರು ಮೊದ್ಲು ಬರ್ಬೇಕು ಕಣೇ.” ಬಾಣ ಎಳೆದು ಅಣ್ಣನನ್ನು ಮೇಲಕ್ಕೆ ತಂದರು. ಕಿಟಕಿಯಲ್ಲಿದ್ದ ನನ್ನ ತುಳಸಿ ಕುಂಡಕ್ಕೆ ಎಲೆಯಡಿಕೆ ಉಗಿದು ಮುಂದೆ ಓದಿದರು. ಹದಿನಾಲ್ಕನೆಯದನ್ನು ಎರಡು ಸಲ ಓದಿದರು. ಆಮೇಲೆ ಅಪ್ಪನನ್ನು ಕೂಗಿದರು.

“ನಿನ್ ಮಗ್ಳು ನಮ್ಮಿಬ್ರುನ್ನೂ ಕಳ್ರು ಮಾಡವ್ಳೆ, ಬಾ ನೋಡು.”

ಅಪ್ಪ ಓದಿದರು. “ಮದ್ವೆ ಮುಗಿಯೋವರ್ಗೂ ಇದೆಲ್ಲ ಯಾಕಮ್ಮ,” ಎಂದರು. ನನಗೆ ನಿಘಂಟು ತಂದುಕೊಟ್ಟಿದ್ದ ಮನುಷ್ಯ, ಕಾರ್ಡಿನ ಕಡೆ ಮತ್ತೆ ತಿರುಗಲಿಲ್ಲ. ದೊಡ್ಡಪ್ಪ ಅದರ ಮೇಲೆ ಅಡ್ಡಡ್ಡ ಎರಡು ಗೀಟು ಹಾಕಿದರು.

ಗೀಟಿಗಿಂತ ಹೆಚ್ಚು ಹೇಸಿಗೆ ತಂದದ್ದು ಇಪ್ಪತ್ತೆರಡನೇ ಕಾರ್ಡಿನ ಮೇಲೆ ಅವರು ಬರೆದ ಷರಾ: ‘ಬಲು ಚೆನ್ನಾಗಿದೆ.’ ಅಲ್ಲಿ ತಂಗಿ ಅಣ್ಣಂದಿರನ್ನು ಕ್ಷಮಿಸುತ್ತಾಳೆ, ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಇಡೀ ಗೋಡೆಯಲ್ಲಿ ನನಗೂ ತುಂಬಾ ಇಷ್ಟವಾಗಿದ್ದ ಕಾರ್ಡು ಅದು. ದೊಡ್ಡಪ್ಪನಿಗೆ ಹೇಳಿ ಮಾಡಿಸಿದಂತಿತ್ತು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. ಕನ್ನಡಕ ಹಾಕಿಕೊಂಡು ಗೋಡೆಯುದ್ದಕ್ಕೂ ಓದುತ್ತಾ ಬಂದರು. ಗೀಟು ಬಿದ್ದ ಕಾರ್ಡಿನ ಹತ್ತಿರ ಸಿಟ್ಟಾಗುತ್ತಾರೆ ಎಂದುಕೊಂಡೆ. ಅದನ್ನು ದಾಟಿ ಹೋಗಿ ಇಪ್ಪತ್ತೆರಡರ ಮೇಲೆ ಬೆರಳಿಟ್ಟರು.

“ಇದ್ನ ನಿಂಗ್ಯಾರು ಹೇಳಿದ್ರು?”

“ಯಾರೂ ಇಲ್ಲ ಅತ್ತೆ. ಕೊನೇಲಿ ಹಂಗಾದ್ರೆ ಚೆನ್ನಾಗಿರುತ್ತೆ ಅಂತ.”

“ಯಾರ್ಗೆ?”

ಅತ್ತೆ ದೊಡ್ಡಪ್ಪನ ಕಡೆ ಕೈ ತೋರಿಸಿದರು.

“ಇವ್ರು ಸಹಿ ಹಾಕಿಸ್ಕೊಂಡ್ರು. ನೀನು ನನ್ ಪರ್ವಾಗಿ ಕ್ಷಮ್ಸೂ ಬುಟ್ಟಿದೀಯ.”

ದೊಡ್ಡಪ್ಪ ನಕ್ಕರು. “ಕತೆ ಕಣವ್ವ ಅದು.”

“ಕತೇಲಾದ್ರೂ ನನ್ನ ಕೇಳಿ ಮಾಡ್ರಣ್ಣ,” ಎಂದು ಅತ್ತೆ ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊರಟರು.

ಸಂಜೆ ಲೆಕ್ಕ ಹಾಕಿದೆ: ದೊಡ್ಡಪ್ಪ ತಿದ್ದಿದ್ದು ಒಂಬತ್ತು ಕಾರ್ಡು. ಉಳಿದ ಹದಿನೈದನ್ನು ಅವರೇ ಬರೆದಂತಿತ್ತು, ಅಷ್ಟು ನಯ, ಅಷ್ಟು ಮರ್ಯಾದೆ. ಹದಿನಾಲ್ಕರಲ್ಲಿ ಸಹ ನಾನು ಬರೆದಿದ್ದು ‘ತಂಗಿ ಕಣ್ಣೀರಿಡುತ್ತಾ ಸಹಿ ಮಾಡುತ್ತಾಳೆ’ ಎಂದು. ಅತ್ತೆ ಅತ್ತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇಪ್ಪತ್ತನಾಲ್ಕನ್ನೂ ಕಿತ್ತು ಹರಿದೆ.

ಬುಧವಾರ ಕುಣಿಗಲ್ಲಿಗೆ ಹೋದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಸಹಿ ಹಾಕಿದ ದಿನ ಏನಾಯಿತು ಎಂದು ಕೇಳಿದೆ.

“ಮೊದ್ಲು ನನ್ ಕೈಲೇ ಕಾಫಿ ಮಾಡ್ಸಿದ್ರು,” ಎಂದರು. “ಸಾಕ್ಷಿ ಹಾಕೋಕ್ ಬಂದಿದ್ರಲ್ಲ, ಅವ್ರಿಗೂ ಸೇರ್ಸಿ. ಬರ್ಕೊ.”