ಚಿಗವ್ವನಿಗೆ ಸಿಕ್ಕ ಬೈಗುಳ

ಮೊನ್ನೆ ಗದಗಿನ ಮನೆಯಲ್ಲಿ ಮಗಳು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. "ಡಾಂಕಿ ಅಂದರೆ ಭಾರ ಹೊರುವ ಪ್ರಾಣಿ. ಡಾಂಕಿ ಅಂದರೆ ದಡ್ಡ." ರೊಟ್ಟಿ ಬಡಿಯುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಇಷ್ಟೇ ಅರ್ಥ ಬರೆದವರು ಅಸುಂಡಿಯ ನಮ್ಮ ಆಯಿಯ ಕೈಯಲ್ಲಿ ಒಂದು ಹೊತ್ತೂ ಉಂಡಿರಲಿಕ್ಕಿಲ್ಲ.

ಆಯಿ ಅಂದರೆ ಅಪ್ಪನ ತಾಯಿ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಅವಳ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮದ ಜೊತೆಗೇ 'ಕತ್ತಿ' ಎಂಬ ಕೂಗೂ ಬರುತ್ತಿತ್ತು; ನಮ್ಮ ಕಡೆ ಕತ್ತೆಗೆ ಹಾಗೇ ಅನ್ನುವುದು. ಹೊತ್ತಾಗಿ ಎದ್ದವರು ಕತ್ತೆ, ಇನ್ನೊಂದು ರೊಟ್ಟಿ ಬೇಡವೆಂದವರೂ ಕತ್ತೆ. ಜ್ವರ ಬಂದು ಮಲಗಿದರೆ ಹಣೆ ಸವರುತ್ತ, "ಏನಾತ ನನ್ನ ಕತ್ತಿಗೆ?" ಅನ್ನುವಾಗ ಅವಳ ಕಣ್ಣು ತುಂಬುತ್ತಿತ್ತು. ಮೀಸೆ ನರೆತ ಅಪ್ಪನಿಗೂ ವಿನಾಯಿತಿ ಇರಲಿಲ್ಲ. ಬೀಗರು ಬಂದರೆ ಮಾತ್ರ "ಬರ್ರಿ, ಕುಂಡ್ರಿ" ಎಂಬ ಮರ್ಯಾದೆ.

ಕಾಕಾನ ಮದುವೆಯಾಗಿ ಲಕ್ಷ್ಮೇಶ್ವರದ ಅಂಗಡಿಕಾರರ ಮನೆಯಿಂದ ಚಿಗವ್ವ ಬಂದಳು. ಆಯಿ ಅವಳನ್ನು "ಯವ್ವಾ", "ತಂಗೀ" ಎಂದು ಮೆತ್ತಗೆ ಕರೆಯುತ್ತಿದ್ದಳು. ಓಣಿಯೆಲ್ಲ ಹೊಗಳಿತು. ಚಿಗವ್ವ ಮಾತ್ರ ಒಂದು ಮಧ್ಯಾಹ್ನ ನನ್ನ ಜಡೆ ಹೆಣೆಯುತ್ತ ನಿಟ್ಟುಸಿರು ಬಿಟ್ಟಳು. "ನಿಮ್ಮ ಆಯಿ ನನಗೊಬ್ಬಾಕಿಗೆ ಕತ್ತಿ ಅನ್ನೂದಿಲ್ಲ ನೋಡ. ವರ್ಷ ಆಗಾಕ ಬಂತು, ನಾ ಇನ್ನೂ ಈ ಮನಿಗೆ ಬೀಗತಿನೇ ಅದೀನಿ."

"ಏನರ ತಪ್ಪು ಮಾಡ ಚಿಗವ್ವಾ, ಅಂತಾಳ," ಎಂದು ನಾನು ಉಪಾಯ ಹೇಳಿಕೊಟ್ಟೆ. ಮರುದಿನ ಅವಳು ಬದನೆಕಾಯಿ ಪಲ್ಯಕ್ಕೆ ಮುಷ್ಟಿ ಉಪ್ಪು ಸುರಿದಳು. ಆಯಿ ಒಂದು ತುತ್ತು ಉಂಡು, ತಂಬಿಗೆ ನೀರು ಕುಡಿದು, "ಇರ್ಲಿ ಬಿಡವ್ವಾ, ಕೈ ಜಾರೇತಿ," ಎಂದಳು. ಚಿಗವ್ವನ ಮುಖ ಇಳಿದುಹೋಯಿತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆಯಿ ಎರೆಮಣ್ಣು ನಾದಿ ಜೋಡೆತ್ತು ಮಾಡಿ, ಕಣ್ಣಿಗೆ ಗುಲಗಂಜಿ ಒತ್ತಿ, ದೇವರ ಜಗುಲಿಯ ಮೇಲಿಟ್ಟಳು. ಪೂಜೆ ಸೊಸೆಯ ಪಾಲಿಗೆ. ಪೇಟೆಯ ಮನೆಯಲ್ಲಿ ಬೆಳೆದ ಚಿಗವ್ವನಿಗೆ ದೇವರೆಂದರೆ ಮೊದಲು ನೀರೆರೆದೇ ರೂಢಿ. ಭಕ್ತಿಯಿಂದ ಕಣ್ಣು ಮುಚ್ಚಿ ತಂಬಿಗೆಯ ಮೇಲೆ ತಂಬಿಗೆ ಸುರಿದಳು. ಕಣ್ಣು ತೆರೆದಾಗ ಎತ್ತುಗಳ ಕೊಂಬು ಕಳಚಿತ್ತು, ಕಾಲು ಕುಸಿದಿತ್ತು, ಕೆಸರು ಜಗುಲಿಯಿಂದ ಹರಿಯುತ್ತಿತ್ತು. ಹಬ್ಬದ ದಿನ ಬಸವಣ್ಣನೇ ಕರಗಿಹೋದನೆಂದು ಚಿಗವ್ವ ಚೀರಿಕೊಂಡಳು. ಹೋಳಿಗೆ ಬೇಯಿಸುವುದನ್ನು ಬಿಟ್ಟು ಆಯಿ ಓಡಿಬಂದಳು.

"ಲೇ ಕತ್ತಿ! ಮಣ್ಣೆತ್ತಿಗೆ ಯಾರರ ಜಳಕಾ ಮಾಡಸ್ತಾರೇನ? ಕುಂಡ್ರ ಇಲ್ಲೆ. ಮಣ್ಣ ನಾದ, ಮಾಡಾಕ ಕಲಿಸ್ತೀನಿ!"

ಚಿಗವ್ವ ಅತ್ತಳು. ಅಳುತ್ತಲೇ ಹಲ್ಲು ಕಾಣುವಂತೆ ನಗತೊಡಗಿದಳು. "ಅನ್ರಿ ಅತ್ತಿ, ಇನ್ನೊಮ್ಮಿ ಅನ್ರಿ!" ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಖರೇನ ಕತ್ತಿನೇ ಐತಿ ಇದು," ಎಂದಾಗ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಸೊಸೆ ಮೊಣಕೈವರೆಗೆ ಮಣ್ಣು ಮಾಡಿಕೊಂಡು ಮತ್ತೆ ಮಾಡಿದ ಎತ್ತುಗಳು ಸೊಟ್ಟಪಟ್ಟಗಿದ್ದವು. ಅಷ್ಟು ಚಂದದ ಎತ್ತುಗಳನ್ನು ನಾನು ಮುಂದೆ ನೋಡಿಲ್ಲ.

ಆಯಿ ಹೋಗಿ ಬಹಳ ಕಾಲವಾಯಿತು. ಆ ಮಣ್ಣಿನ ಮನೆಯೂ ಬಿತ್ತು, ಅಲ್ಲಿ ಸಿಮೆಂಟಿನ ಮನೆ ಎದ್ದಿದೆ. ಚಿಗವ್ವನೇ ಈಗ ಹಿರಿಯಳು. ಸೊಸೆಯಂದಿರು ಅವಳನ್ನು ನೆಲ ಮುಟ್ಟಗೊಡದಂತೆ ನೋಡಿಕೊಳ್ಳುತ್ತಾರೆ. ಹೋದ ಸಲ ಮಾತಾಡಿಸಲು ಹೋದಾಗ ಅವಳು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ನಕ್ಕಳು.

"ಎಲ್ಲಾರೂ ನನಗ ರೀ ರೀ ಅಂತಾರವ್ವಾ. ಮನಿ ತುಂಬ ಮಂದಿ ಅದಾರ. ಬಯ್ಯಾವ್ರು ಒಬ್ರೂ ಉಳೀಲಿಲ್ಲ."